ರಕ್ತ ಕೊಟ್ಟರೆ ಸಾಕೇ, ಕೊಳವೆ ಬೇಡವೇ?

ಪ್ರಶ್ನೆ: ನನಗೆ 46 ವರ್ಷ, ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಒಂಬತ್ತು ವರ್ಷದ ಹಿಂದೆ ನಮ್ಮ ತಂದೆ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಗೊತ್ತಾಗುವಷ್ಟರಲ್ಲಿ ಲಿವರ್‌ಗೆ ಹರಡಿತ್ತು. ಆರು ತಿಂಗಳಿಂದ ನನಗೂ ಊಟವಾದ ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು. ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಂಡರೆ ಕಡಿಮೆ, ಬಿಟ್ಟರೆ ಮತ್ತೆ ಶುರು. ಡಾಕ್ಟರು ಎಂಡೋಸ್ಕೋಪಿ ಮಾಡಿಸಿ ಅಂದಿದ್ದಾರೆ. ಅಪ್ಪನಿಗೆ ಆ ಕೊಳವೆ ಬಿಟ್ಟಿದ್ದನ್ನು ಹತ್ತಿರ ನಿಂತು ನೋಡಿದವಳು ನಾನು, ನನಗೆ ಧೈರ್ಯ ಬರುತ್ತಿಲ್ಲ. ಸಿಂಗಪುರದಲ್ಲಿರುವ ನನ್ನ ತಮ್ಮ (41 ವರ್ಷ) ‘ಇಲ್ಲಿ ರಕ್ತದಲ್ಲಿರುವ ಆರ್‌ಎನ್‌ಎ ನೋಡಿಯೇ ಹೇಳ್ತಾರೆ ಅಕ್ಕಾ, ಕೊಳವೆ ಯಾಕೆ’ ಅನ್ನುತ್ತಾನೆ. ಇದು ನಿಜವೇ? ನಾನು ಆ ಪರೀಕ್ಷೆ ಮಾಡಿಸಿಕೊಂಡರೆ ಸಾಕೇ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಅಂಥದ್ದೊಂದು ಪರೀಕ್ಷೆ ಇದೆ, ಅದರ ಹಿಂದೆ ಗಟ್ಟಿಯಾದ ವಿಜ್ಞಾನವೂ ಇದೆ. ಆದರೆ ನಿಮಗೆ ಬೇಕಿರುವುದು ಆ ಪರೀಕ್ಷೆಯಲ್ಲ, ಎಂಡೋಸ್ಕೋಪಿಯೇ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಯಾಕೆ ಎನ್ನುವುದನ್ನು ಬಿಡಿಸಿ ಹೇಳಲು ಸ್ವಲ್ಪ ಉದ್ದ ಬೇಕಾಗುತ್ತದೆ. ಪಾಠ ಹೇಳುವವರು ನೀವು, ತಾಳ್ಮೆಯಿಂದ ಓದುತ್ತೀರಿ ಅಂದುಕೊಂಡಿದ್ದೇನೆ.

ನಾನು ಪ್ಯಾಥಾಲಜಿಸ್ಟ್. ಜಠರದಿಂದ ಚಿವುಟಿ ತಂದ ಸಾಸಿವೆ ಗಾತ್ರದ ಚೂರುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುವುದು ನನ್ನ ದಿನದ ಕೆಲಸ. ರಕ್ತದ ಆರ್‌ಎನ್‌ಎ ಪರೀಕ್ಷೆಗಳ ಬಗ್ಗೆ ನನಗೆ ಆಸೆಯೂ ಇದೆ, ಸಂಶಯವೂ ಇದೆ. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಡಿಎನ್‌ಎ ಎಂಬ ಮೂಲ ಕಡತವಿದೆ. ಅದು ಕಚೇರಿ ಬಿಟ್ಟು ಆಚೆ ಬರುವುದಿಲ್ಲ. ಕೆಲಸ ಆಗಬೇಕಾದಾಗ ಬೇಕಾದ ಪುಟದ ನಕಲು ಹೊರಡುತ್ತದೆ. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ, ಅದನ್ನು ಓದಿಕೊಂಡು ಪ್ರೋಟೀನ್ ತಯಾರಾಗುತ್ತದೆ. ಇಷ್ಟು ಪಠ್ಯಪುಸ್ತಕದಲ್ಲೇ ಇದೆ. ಇದರ ಜೊತೆಗೆ ಇನ್ನೊಂದು ಜಾತಿಯ ಪುಟಾಣಿ ಆರ್‌ಎನ್‌ಎ ಇದೆ, ಉದ್ದ ಬರೀ 22 ಅಕ್ಷರದಷ್ಟು. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಹೊರಟ ನಕಲಿನ ಮೇಲೆ ಹೋಗಿ ಕೂತು ‘ಇದನ್ನು ಜಾರಿ ಮಾಡಬೇಡಿ’ ಎಂದು ತಡೆಯುವುದಷ್ಟೇ ಅದರ ಕೆಲಸ. ನಮ್ಮ ಕೋರ್ಟು ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದೊಂದು ತಡೆಯಾಜ್ಞೆ. ಹೆಸರು ಮೈಕ್ರೋಆರ್‌ಎನ್‌ಎ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಮೊದಲು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲಿ ಇಂಥವು ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಯಾಗಿವೆ.

ಕ್ಯಾನ್ಸರ್ ಕೋಶದಲ್ಲಿ ಈ ತಡೆಯಾಜ್ಞೆಗಳು ಅದಲುಬದಲಾಗಿರುತ್ತವೆ. ಮಿರ್-21 ಎಂಬುದು ಲೆಕ್ಕಕ್ಕಿಂತ ಹೆಚ್ಚು ತಯಾರಾಗುತ್ತದೆ. ಅದು ತಡೆ ಹಾಕುವುದು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳಿಗೇ. ಕಾಯುವವರ ಕೈ ಕಟ್ಟಿದಂತಾಯಿತು. ಇನ್ನೊಂದು ಕಡೆ, ಬೆಳವಣಿಗೆಗೆ ಒತ್ತು ಕೊಡುವ ರಾಸ್ ಜೀನನ್ನು ತಡೆದು ನಿಲ್ಲಿಸಬೇಕಾದ ಲೆಟ್-7 ಎಂಬುದು ಕಡಿಮೆಯಾಗುತ್ತದೆ.

ಇದು ಗಡ್ಡೆಯ ಒಳಗಿನ ಕಥೆ. ರಕ್ತಕ್ಕೆ ಹೇಗೆ ಬಂತು? ರಕ್ತದಲ್ಲಿ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳು ತುಂಬಿಕೊಂಡಿವೆ, ಬರಿಯ ಆರ್‌ಎನ್‌ಎ ಅಲ್ಲಿ ಬಿದ್ದರೆ ನಿಮಿಷಗಳಲ್ಲಿ ಚೂರುಚೂರು. ಹಾಗಾಗಿ ರಕ್ತದಲ್ಲಿ ಆರ್‌ಎನ್‌ಎ ಹುಡುಕುವುದೇ ವ್ಯರ್ಥ ಎಂಬ ನಂಬಿಕೆ ಬಹಳ ಕಾಲ ಇತ್ತು. 2008ರಲ್ಲಿ ಅಮೆರಿಕದ ಸಿಯಾಟಲ್‌ನ ಸಂಶೋಧಕರು ಪ್ಲಾಸ್ಮಾವನ್ನು, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವವನ್ನು, ಇಡೀ ದಿನ ಹೊರಗೇ ಇಟ್ಟರು. ಎಂಟು ಸಲ ಹೆಪ್ಪುಗಟ್ಟಿಸಿ ಕರಗಿಸಿಯೂ ನೋಡಿದರು. ಮೈಕ್ರೋಆರ್‌ಎನ್‌ಎ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಅದು ಬರಿಮೈಯಲ್ಲಿ ಓಡಾಡುವುದಿಲ್ಲ. ಆರ್ಗೊನಾಟ್ ಎಂಬ ಪ್ರೋಟೀನಿನ ತೆಕ್ಕೆಯಲ್ಲೋ, ಎಕ್ಸೋಸೋಮ್ ಎಂಬ ಸಣ್ಣ ಕೊಬ್ಬಿನ ಚೀಲದೊಳಗೋ, ಎಚ್‌ಡಿಎಲ್ ಕೊಲೆಸ್ಟರಾಲ್ ಕಣಗಳ ಜೊತೆಗೋ ಸಾಗುತ್ತದೆ. ಎರಡು ವರ್ಷದ ನಂತರ ಜಪಾನಿನ ಕ್ಯೋಟೋದವರು ಜಠರದ ಕ್ಯಾನ್ಸರ್ ಇದ್ದ 69 ಜನರ ಪ್ಲಾಸ್ಮಾವನ್ನು ಆರೋಗ್ಯವಂತ 30 ಜನರದ್ದರ ಜೊತೆ ಹೋಲಿಸಿ ನೋಡಿದರು. ಮಿರ್-21, ಮಿರ್-106ಬಿ ಮುಂತಾದ ನಾಲ್ಕು ಹೆಚ್ಚಿದ್ದವು, ಲೆಟ್-7ಎ ಕಡಿಮೆ ಇತ್ತು. ಆಪರೇಷನ್ ಆದ ಮೇಲೆ ಹೆಚ್ಚಿದ್ದವು ಇಳಿದವು. ಆ ಇಳಿಕೆ ಮುಖ್ಯ. ಏರಿದ್ದು ಗಡ್ಡೆಯಿಂದಲೇ ಇರಬಹುದು ಎನ್ನುವುದಕ್ಕೆ ಅದೊಂದು ಸುಳಿವು.

ಉದ್ದನೆಯ ಆರ್‌ಎನ್‌ಎಗಳ ಮೇಲೂ ಕೆಲಸ ನಡೆದಿದೆ. ಎಚ್19, ಹೋಟೇರ್ ಎಂಬ ಹೆಸರುಗಳು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಳೆಯಂತೆ ದುಂಡಗಿರುವ ವೃತ್ತಾಕಾರದ ಆರ್‌ಎನ್‌ಎಗೆ ತುದಿಯೇ ಇಲ್ಲ, ತುದಿಯಿಂದ ತಿನ್ನುತ್ತ ಬರುವ ಕಿಣ್ವಕ್ಕೆ ಬಾಯಿ ಹಾಕಲು ಜಾಗವಿಲ್ಲ, ಹಾಗಾಗಿ ಅದೂ ಬಾಳಿಕೆ ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಇನ್ನೂ ಸಂಶೋಧನಾಲಯದ ಬಾಗಿಲು ದಾಟಿಲ್ಲ, ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಈಗ ನನ್ನ ಸಂಶಯದ ಭಾಗ. ಲ್ಯಾಬಿನಲ್ಲಿ ಕೂತವರಿಗೆ ಇದು ದಿನನಿತ್ಯದ ತಲೆನೋವು, ಜಾಹೀರಾತಿನಲ್ಲಿ ಮಾತ್ರ ಕಾಣುವುದಿಲ್ಲ. ರಕ್ತ ತೆಗೆಯುವಾಗ ನರ ಸಿಗದೆ ಎರಡು ಮೂರು ಸಲ ಚುಚ್ಚಿದರು ಅಂದುಕೊಳ್ಳಿ, ಅಥವಾ ಟ್ಯೂಬನ್ನು ಜೋರಾಗಿ ಅಲ್ಲಾಡಿಸಿದರು, ಅಥವಾ ಸ್ಯಾಂಪಲ್ ಬಸ್ಸಿನಲ್ಲಿ ಕುಲುಕುತ್ತ ನಾಲ್ಕು ಗಂಟೆ ಪ್ರಯಾಣ ಮಾಡಿತು. ಕೆಂಪು ರಕ್ತಕಣಗಳು ಒಡೆಯುತ್ತವೆ. ಆ ಕಣಗಳಲ್ಲೂ ಮೈಕ್ರೋಆರ್‌ಎನ್‌ಎ ಧಾರಾಳವಾಗಿದೆ, ಅದೆಲ್ಲ ಸುರಿದು ಪ್ಲಾಸ್ಮಾಕ್ಕೆ ಸೇರುತ್ತದೆ. ಮಿರ್-451, ಮಿರ್-16 ಎಂಬವು ಏರಿದವೆಂದರೆ ಎಷ್ಟೋ ಸಲ ಅದು ರೋಗಿಯ ಸುದ್ದಿಯಲ್ಲ, ಸೂಜಿಯ ಸುದ್ದಿ. ‘ಕ್ಯಾನ್ಸರ್ ಗುರುತು’ ಎಂದು ಪ್ರಕಟವಾಗಿದ್ದ ರಕ್ತದ ಮೈಕ್ರೋಆರ್‌ಎನ್‌ಎಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ರಕ್ತಕಣಗಳಲ್ಲೇ ಹೇರಳವಾಗಿವೆ ಎಂದು 2012ರಲ್ಲಿ ಅದೇ ಸಿಯಾಟಲ್‌ನ ತಂಡವೇ ತೋರಿಸಿತು. ತಾವೇ ತೆರೆದ ದಾರಿಯಲ್ಲಿ ಗುಂಡಿ ಎಲ್ಲಿದೆ ಎಂದು ತಾವೇ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ರಕ್ತ ಹಿಡಿದರೆ ಆರ್‌ಎನ್‌ಎಯನ್ನು ಅಳೆಯುವ ಪಿಸಿಆರ್ ಸರಿಯಾಗಿ ನಡೆಯುವುದಿಲ್ಲ. ಅಳತೆಗೆ ಹೋಲಿಕೆಯಾಗಿ ಯಾವ ಆರ್‌ಎನ್‌ಎಯನ್ನು ಇಟ್ಟುಕೊಳ್ಳಬೇಕು ಎಂಬುದರಲ್ಲಿ ಲ್ಯಾಬಿಗೊಂದು ಪದ್ಧತಿ. ಎಷ್ಟೋ ಕಡೆ ಹುಳುವಿನ ಮೈಕ್ರೋಆರ್‌ಎನ್‌ಎಯನ್ನು ಗೊತ್ತಾದ ಪ್ರಮಾಣದಲ್ಲಿ ಸ್ಯಾಂಪಲ್ಲಿಗೆ ಬೆರೆಸಿ, ಅದು ಎಷ್ಟು ವಾಪಸ್ ಸಿಕ್ಕಿತು ಎಂದು ನೋಡಿ ಲೆಕ್ಕ ಸರಿಪಡಿಸುತ್ತಾರೆ. ಮನುಷ್ಯರಲ್ಲಿ ಇಲ್ಲದ್ದು ಎಂಬ ಕಾರಣಕ್ಕೇ ಹುಳುವಿನದ್ದು. ಇನ್ನು ಮಿರ್-21 ಇದೆಯಲ್ಲ, ಅದು ಜಠರದ ಕ್ಯಾನ್ಸರಿಗೆ ಮೀಸಲಾದದ್ದಲ್ಲ. ಸ್ತನದ ಕ್ಯಾನ್ಸರಿನಲ್ಲಿ ಏರುತ್ತದೆ, ಶ್ವಾಸಕೋಶದ್ದರಲ್ಲಿ ಏರುತ್ತದೆ, ಬರೀ ಉರಿಯೂತವಿದ್ದರೂ ಏರಬಹುದು. ಒಂದೇ ಆರ್‌ಎನ್‌ಎ ನೋಡಿ ‘ಹೊಟ್ಟೆಯ ಕ್ಯಾನ್ಸರ್ ಇದೆ’ ಎನ್ನುವವರನ್ನು ನಂಬಬೇಡಿ.

ನಿಮ್ಮ ತಮ್ಮ ಹೇಳಿದ ಪರೀಕ್ಷೆಯನ್ನು ರೂಪಿಸಿದ ಸಿಂಗಪುರದವರು ಈ ತೊಡಕುಗಳನ್ನು ಬಲ್ಲವರು. ಅದಕ್ಕೇ ಒಂದನ್ನು ನೆಚ್ಚಿಕೊಳ್ಳದೆ 578 ಮೈಕ್ರೋಆರ್‌ಎನ್‌ಎಗಳನ್ನು ಜಾಲಿಸಿ 12 ಆರಿಸಿಕೊಂಡರು. ಹನ್ನೆರಡರ ಏರಿಳಿತ ಸೇರಿಸಿ ಒಂದು ಅಂಕ ಕೊಡುತ್ತಾರೆ. ಗ್ಯಾಸ್ಟ್ರೋಕ್ಲಿಯರ್ ಎಂಬ ಹೆಸರಿನ ಆ ಪರೀಕ್ಷೆಗೆ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಅಧ್ಯಯನದ ವಿವರ 2021ರಲ್ಲಿ ಪ್ರಕಟವಾಯಿತು: ಸಿಂಗಪುರ, ಕೊರಿಯಾ ಸೇರಿ 5,248 ಜನ. ಅವರಲ್ಲಿ 4,566 ಮಂದಿ ಹೊಟ್ಟೆಯ ತೊಂದರೆ ಇದ್ದು ಎಂಡೋಸ್ಕೋಪಿಗೆ ಬಂದವರು. ಅವರಿಗೆ ರಕ್ತಪರೀಕ್ಷೆಯನ್ನೂ ಮಾಡಿ, ಕೊಳವೆಯನ್ನೂ ಬಿಟ್ಟು, ಎರಡನ್ನೂ ಹೋಲಿಸಿದರು. ಕ್ಯಾನ್ಸರ್ ಇದ್ದವರಲ್ಲಿ ಶೇ. 87ರಷ್ಟು ಜನರನ್ನು ರಕ್ತಪರೀಕ್ಷೆ ಹಿಡಿಯಿತು. ಸಿಇಎ, ಸಿಎ 19-9 ಎಂಬ ಹಳೆಯ ಟ್ಯೂಮರ್ ಮಾರ್ಕರ್‌ಗಳನ್ನು (ಗಡ್ಡೆಯ ಗುರುತೆಂದು ರಕ್ತದಲ್ಲಿ ಅಳೆಯುವಂಥವು) ಇದು ಎಲ್ಲೋ ಹಿಂದೆ ಹಾಕಿತು. ಆ ಎರಡನ್ನು ‘ಕ್ಯಾನ್ಸರ್ ಪ್ಯಾಕೇಜ್’ ಎಂದು ಇವತ್ತಿಗೂ ಮಾರುವವರಿದ್ದಾರೆ. ಹೊಟ್ಟೆಯ ಕ್ಯಾನ್ಸರ್ ಹುಡುಕಲು ಅವು ಪ್ರಯೋಜನಕ್ಕೆ ಬಾರದು ಎಂದು ಈ ಸಂದರ್ಭದಲ್ಲೇ ಹೇಳಿಬಿಡುತ್ತೇನೆ.

ನಿಮ್ಮ ತಮ್ಮ ಕೇಳಿರುವುದು ಬಹುಶಃ ಆ 87ರ ಸುದ್ದಿಯನ್ನು. ಅದರ ಪಕ್ಕದಲ್ಲೇ 68.4 ಎಂಬ ಇನ್ನೊಂದು ಸಂಖ್ಯೆ ಇದೆ. ಕ್ಯಾನ್ಸರ್ ಇಲ್ಲದ ನೂರು ಜನರಲ್ಲಿ ಸುಮಾರು 68 ಮಂದಿಗೆ ಮಾತ್ರ ‘ಇಲ್ಲ’ ಎಂಬ ಸರಿಯುತ್ತರ. ಉಳಿದ 32 ಮಂದಿಗೆ ಏನೂ ಇಲ್ಲದಿದ್ದರೂ ‘ಇರಬಹುದು’ ಎಂದು ಬರುತ್ತದೆ.

ಇದರ ಅರ್ಥ ತಿಳಿಯಬೇಕಾದರೆ ಕರಿಹಲಗೆಯ ಮೇಲೆ ಒಂದು ಲೆಕ್ಕ ಮಾಡಬೇಕು. ಊಹೆಯ ಲೆಕ್ಕ, ಆದರೆ ಆ ಎರಡು ಸಂಖ್ಯೆಗಳು ನಿಜವಾದವು. ನಿಮ್ಮ ಹಾಗೆ ಹೊಟ್ಟೆಯ ತೊಂದರೆಯಿಂದ ಬಂದ 10,000 ಜನ, ಅವರಲ್ಲಿ ನಲವತ್ತಕ್ಕೊಬ್ಬರಿಗೆ, ಅಂದರೆ 250 ಮಂದಿಗೆ ಕ್ಯಾನ್ಸರ್ ಇದೆ ಅನ್ನೋಣ. ಪರೀಕ್ಷೆ ಸುಮಾರು 217 ಮಂದಿಯನ್ನು ಹಿಡಿಯುತ್ತದೆ, 33 ಮಂದಿಯನ್ನು ಬಿಡುತ್ತದೆ. ಕ್ಯಾನ್ಸರ್ ಇಲ್ಲದ 9,750 ಮಂದಿಯಲ್ಲಿ 3,081 ಜನರಿಗೆ ಸುಮ್ಮನೆ ಪಾಸಿಟಿವ್. ಪಾಸಿಟಿವ್ ಬಂದ ಹದಿನೈದು ಜನರಲ್ಲಿ ನಿಜವಾಗಿ ಕ್ಯಾನ್ಸರ್ ಇರುವುದು ಒಬ್ಬರಿಗೆ. ‘ನಾರ್ಮಲ್’ ಎಂದು ಮನೆಗೆ ಹೋದ ಇನ್ನೂರು ಜನರಲ್ಲಿ ಒಬ್ಬರಿಗೆ ಇದ್ದೇ ಇದೆ. ಈಗ ತೊಂದರೆಯೇ ಇಲ್ಲದ, ಸಾವಿರಕ್ಕೊಬ್ಬರಿಗೆ ಕ್ಯಾನ್ಸರ್ ಇರುವ ಊರೊಂದನ್ನು ತೆಗೆದುಕೊಳ್ಳಿ. 10,000ದಲ್ಲಿ ಹತ್ತು ಮಂದಿಗೆ ಇದೆ, ಒಂಬತ್ತು ಮಂದಿ ಸಿಗುತ್ತಾರೆ. ಅವರ ಜೊತೆ ಏನೂ ಇಲ್ಲದ 3,157 ಮಂದಿ ನಿದ್ದೆಗೆಡುತ್ತಾರೆ. ಪಾಸಿಟಿವ್ ಬಂದ 350 ಜನರಲ್ಲಿ ಒಬ್ಬರಿಗೆ ಮಾತ್ರ ರೋಗ. ಪರೀಕ್ಷೆ ಅದೇ, ಲ್ಯಾಬ್ ಅದೇ. ಜನ ಬದಲಾದರೆ ಉತ್ತರದ ತೂಕ ಬದಲಾಗುತ್ತದೆ.

ಈಗ ನಿಮ್ಮನ್ನೇ ಅಲ್ಲಿಡಿ. ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಎಂಡೋಸ್ಕೋಪಿ, ಇದರಲ್ಲಿ ಯಾರಿಗೂ ಅನುಮಾನವಿಲ್ಲ. ನೆಗೆಟಿವ್ ಬಂದರೆ? ತಂದೆಗಿತ್ತು. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಇದ್ದರೆ ಅಪಾಯ ಎರಡು ಮೂರು ಪಟ್ಟು. ವಯಸ್ಸು 46. ಆರು ತಿಂಗಳಾದರೂ ಮಾತ್ರೆ ಬಿಡಲಾಗುತ್ತಿಲ್ಲ. ಇಷ್ಟಿರುವಾಗ ಇನ್ನೂರಕ್ಕೆ ಒಬ್ಬರು ತಪ್ಪಿಹೋಗುವ ಕಾಗದವೊಂದನ್ನು ನೆಚ್ಚಿಕೊಂಡು ‘ಕೊಳವೆ ಬೇಡ ಬಿಡಿ’ ಎಂದು ನಾನು ಹೇಳಲಾರೆ. ಆಗಲೂ ಎಂಡೋಸ್ಕೋಪಿ ಎಂದೇ ಹೇಳುತ್ತೇನೆ. ಯಾವ ಉತ್ತರ ಬಂದರೂ ಹೋಗಬೇಕಾದ ಬಾಗಿಲು ಒಂದೇ ಆದಮೇಲೆ ಆ ಪ್ರಶ್ನೆ ಕೇಳಲು ದುಡ್ಡು ಖರ್ಚು ಮಾಡುವುದೇಕೆ? ದುಡ್ಡಿಗಿಂತ ನನಗೆ ಹೆದರಿಕೆ ಇನ್ನೊಂದರದ್ದು. ‘ನಾರ್ಮಲ್’ ಎಂಬ ಆ ಕಾಗದ ಕೈಗೆ ಬಂದರೆ, ಕೊಳವೆಗೆ ಹೆದರಿದವರು ಅದನ್ನೇ ಹಿಡಿದುಕೊಂಡು ಇನ್ನೊಂದು ವರ್ಷ ದೂಡುತ್ತಾರೆ. ಹಾಗೆ ದೂಡಿ ಬಂದವರ ಚೂರುಗಳನ್ನು ನಾನು ನೋಡಿದ್ದೇನೆ.

ತಮ್ಮನ ವಿಷಯ ಬೇರೆ. ತೊಂದರೆ ಇದೆಯೆಂದು ನೀವು ಬರೆದಿಲ್ಲ, ವಯಸ್ಸು 41, ಆ ಪರೀಕ್ಷೆಯನ್ನು ಅಳೆದು ನೋಡಿದ ಊರಿನಲ್ಲೇ ಇದ್ದಾರೆ, ಪಾಸಿಟಿವ್ ಬಂದರೆ ಅಲ್ಲೇ ಎಂಡೋಸ್ಕೋಪಿ ಸಿಗುತ್ತದೆ. ಅಲ್ಲಿನ ವೈದ್ಯರ ಜೊತೆ ಮಾತಾಡಿ ಅವರು ಅದನ್ನು ಮೊದಲ ಜರಡಿಯಾಗಿ ಬಳಸಿದರೆ ನನ್ನ ತಕರಾರಿಲ್ಲ. ಆದರೆ ಅವರಿಗೂ ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ, ಮುಂದೆ ಹೇಳುತ್ತೇನೆ.

ಎಂಡೋಸ್ಕೋಪಿಗೆ ಇಷ್ಟು ಒತ್ತು ಕೊಡುವುದು ಹಳೆಯ ಅಭ್ಯಾಸದಿಂದಲ್ಲ. ಕೊರಿಯಾದಲ್ಲಿ 40 ದಾಟಿದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಹೊಟ್ಟೆಯ ತಪಾಸಣೆ ಮಾಡಿಸುತ್ತದೆ. ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನಿಂದ ಸಾಯುವ ಅಪಾಯ ಶೇ. 47ರಷ್ಟು ಕಡಿಮೆ ಎಂದು 2017ರಲ್ಲಿ ಪ್ರಕಟವಾದ ಅಲ್ಲಿನ ಲೆಕ್ಕ ಹೇಳಿತು. ಅದೇ ಲೆಕ್ಕದಲ್ಲಿ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಸಾವು ತಗ್ಗಿಸಿದೆ ಎಂದು ತೋರಿಸುವ ಇಂಥ ಲೆಕ್ಕ ರಕ್ತದ ಆರ್‌ಎನ್‌ಎ ಪರೀಕ್ಷೆಗೆ ಇನ್ನೂ ಇಲ್ಲ. ಹಿಡಿಯುವುದು ಬೇರೆ, ಉಳಿಸುವುದು ಬೇರೆ. ಕೊಳವೆಯ ತುದಿಯ ಕ್ಯಾಮೆರಾ ಒಳಪದರ ಸವೆದಿರುವುದನ್ನು, ಜಠರದ ಪದರ ಕರುಳಿನ ಪದರದಂತೆ ಮಾರ್ಪಟ್ಟಿರುವುದನ್ನು, ಅಂದರೆ ಕ್ಯಾನ್ಸರಿಗೆ ಎಷ್ಟೋ ವರ್ಷ ಮುಂಚಿನ ಹಂತಗಳನ್ನೂ ತೋರಿಸುತ್ತದೆ. ಅನುಮಾನ ಬಂದಲ್ಲಿ ಚಿವುಟಿ ತರುತ್ತದೆ. ಗಡ್ಡೆ ಮೇಲ್ಪದರದಲ್ಲಷ್ಟೇ ಇದ್ದರೆ ಹೊಟ್ಟೆ ಕೊಯ್ಯದೆ ಅದೇ ದಾರಿಯಲ್ಲಿ ಕೆರೆದು ತೆಗೆಯುವುದೂ ಸಾಧ್ಯ. ಆ ಹಂತದಲ್ಲಿ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ ಎನ್ನುವುದು ಜಪಾನಿನ ಅನುಭವ.

ನಮ್ಮಲ್ಲಿ ಹೊಟ್ಟೆಯ ಕ್ಯಾನ್ಸರಿಗೆ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮವಿಲ್ಲ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಮಾತ್ರ ಇದೆ. ಮಿಜೋರಾಂ ಬಿಟ್ಟರೆ ದೇಶದ ಹೆಚ್ಚಿನ ಕಡೆ ಕೊರಿಯಾದಷ್ಟು ಈ ರೋಗ ಇಲ್ಲದ್ದರಿಂದ ಎಲ್ಲರಿಗೂ ಕೊಳವೆ ಬಿಡುವುದು ಸರಿಯೂ ಅಲ್ಲ. ಮುಂದೆ ಒಂದು ದಿನ ಒಳ್ಳೆಯ ರಕ್ತಪರೀಕ್ಷೆ ನಮಗೆ ನೆರವಾಗುವುದು ಅಲ್ಲಿಯೇ: ತಾಲ್ಲೂಕು ಆಸ್ಪತ್ರೆಯಲ್ಲಿ ಸಾಲುಗಟ್ಟಿದ ‘ಗ್ಯಾಸ್ಟ್ರಿಕ್’ ರೋಗಿಗಳಲ್ಲಿ ಯಾರನ್ನು ಮೊದಲು ಎಂಡೋಸ್ಕೋಪಿಗೆ ಕಳಿಸಬೇಕು ಎಂದು ಹೇಳುವುದಕ್ಕೆ. ಅದು ನನ್ನ ಆಸೆ. ಆದರೆ ಅದಕ್ಕೆ ಮೊದಲು ನಮ್ಮ ಜನರ ರಕ್ತದಲ್ಲೇ ಅದನ್ನು ಅಳೆದು ನೋಡಬೇಕು. ಯಾವುದಾದರೂ ಲ್ಯಾಬ್ ನಿಮಗೆ ಇಂಥ ಪರೀಕ್ಷೆ ಮಾರಲು ಬಂದರೆ ಯಾರ ಮೇಲೆ ಪರೀಕ್ಷಿಸಿದ್ದೀರಿ, ಒಡೆದ ರಕ್ತಕಣಗಳ ಸ್ಯಾಂಪಲನ್ನು ತಿರಸ್ಕರಿಸುತ್ತೀರಾ, ಪಾಸಿಟಿವ್ ಬಂದರೆ ಮುಂದೆ ನೋಡಿಕೊಳ್ಳುವವರು ಯಾರು ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇನ್ನು ನಾನು ಮುಂದೆ ಹೇಳುತ್ತೇನೆ ಎಂದ ಕೆಲಸ. ಈ ಕ್ಯಾನ್ಸರಿನ ಬಹುಪಾಲಿಗೆ ಮೂಲ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಯಾರೂ ನಂಬದಿದ್ದಾಗ 1984ರಲ್ಲಿ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ಇದು ಸಾಮಾನ್ಯವಾಗಿ ಬಾಲ್ಯದಲ್ಲಿ ಮನೆಯೊಳಗೇ ಒಬ್ಬರಿಂದೊಬ್ಬರಿಗೆ ಅಂಟುತ್ತದೆ, ಹಾಗಾಗಿ ಅಪ್ಪನಿಗಿದ್ದದ್ದು ಮಕ್ಕಳಿಗೂ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ದೊಡ್ಡವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇದು ಇದೆ, ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ನಿಮ್ಮಂಥ ಮನೆಯವರ ಮೇಲೆಯೇ ಮಾಡಿದ ಒಂದು ಪ್ರಯೋಗವಿದೆ. ಕೊರಿಯಾದಲ್ಲಿ ಜಠರದ ಕ್ಯಾನ್ಸರ್ ಆದವರ ಮಕ್ಕಳು, ಒಡಹುಟ್ಟಿದವರು ಇಂಥವರಲ್ಲಿ ಎಚ್. ಪೈಲೋರಿ ಇದ್ದವರನ್ನು ಆರಿಸಿ, ಅರ್ಧ ಜನರಿಗೆ ಅದನ್ನು ಕೊಲ್ಲುವ ಔಷಧಿ, ಅರ್ಧ ಜನರಿಗೆ ಸಪ್ಪೆ ಮಾತ್ರೆ ಕೊಟ್ಟು ಒಂಬತ್ತು ವರ್ಷದಷ್ಟು ಕಾಲ ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಔಷಧಿ ತೆಗೆದುಕೊಂಡ 832 ಜನರಲ್ಲಿ 10 ಮಂದಿಗೆ ಕ್ಯಾನ್ಸರ್, ಸಪ್ಪೆ ಮಾತ್ರೆಯ 844 ಜನರಲ್ಲಿ 23 ಮಂದಿಗೆ. ಕೆಲವು ದಿನಗಳ ಆ್ಯಂಟಿಬಯಾಟಿಕ್‌ನಿಂದ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು! ರಕ್ತದಲ್ಲಿ ಕ್ಯಾನ್ಸರಿನ ಗುರುತು ಹುಡುಕುವುದಕ್ಕಿಂತ ಕ್ಯಾನ್ಸರ್ ಬರದಂತೆ ನೋಡಿಕೊಳ್ಳುವುದು ಮೇಲಲ್ಲವೇ? ನಿಮ್ಮ ತಮ್ಮ ಉಸಿರಿನ ಪರೀಕ್ಷೆಯಲ್ಲೋ ಮಲಪರೀಕ್ಷೆಯಲ್ಲೋ ಇದನ್ನು ನೋಡಿಸಿಕೊಳ್ಳಲಿ. ನಿಮಗೆ ಎಂಡೋಸ್ಕೋಪಿಯಲ್ಲೇ ಗೊತ್ತಾಗುತ್ತದೆ. ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ನಡುವೆ ಬಿಡಬಾರದು. ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಲೇಬೇಕು.

ತಂದೆಯವರ ಹಳೆಯ ಬಯಾಪ್ಸಿ ವರದಿ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಅದರಲ್ಲಿ ‘ಡಿಫ್ಯೂಸ್’ ಅಥವಾ ‘ಸಿಗ್ನೆಟ್ ರಿಂಗ್’ ಎಂದಿದ್ದು, ಮನೆತನದಲ್ಲಿ ಇನ್ನೂ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಬಂದಿದ್ದರೆ ಜೆನೆಟಿಕ್ಸ್ ತಜ್ಞರನ್ನು ಕಾಣಬೇಕಾಗುತ್ತದೆ. ಸಿಡಿಎಚ್1 ಎಂಬ ಜೀನಿನ ದೋಷ ವಂಶದಲ್ಲಿ ಹರಿದು ಬರುವುದುಂಟು. ಅಪರೂಪ, ಆದರೆ ಅಲ್ಲಿ ಗಡ್ಡೆ ಒಳಪದರದ ಅಡಿಯಲ್ಲೇ ಹರಡುವುದರಿಂದ ಎಂಡೋಸ್ಕೋಪಿಗೂ ಕಣ್ತಪ್ಪಬಹುದು. ಆ ದೋಷವನ್ನೂ ರಕ್ತದಲ್ಲೇ ನೋಡುತ್ತಾರೆ, ಆದರೆ ಅದು ಡಿಎನ್‌ಎ ಪರೀಕ್ಷೆ. ತಮ್ಮ ಹೇಳಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊನೆಗೆ ನಿಮ್ಮ ಭಯ. ನೀವು ನೋಡಿದ್ದು ಕಾಯಿಲೆ ಮುಂದುವರಿದು ನಿತ್ರಾಣರಾಗಿದ್ದ ತಂದೆಯವರಿಗೆ ಕೊಳವೆ ಬಿಟ್ಟಿದ್ದನ್ನು. ನೀವು ನಡೆದುಕೊಂಡು ಹೋಗಿ ನಡೆದುಕೊಂಡು ಬರುವವರು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ. ಬೇಡವೆನಿಸಿದರೆ ಮಂಪರು ಬರುವ ಇಂಜೆಕ್ಷನ್ ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ. ಆಗ ಜೊತೆಗೊಬ್ಬರು ಇರಬೇಕು, ಅವತ್ತು ಗಾಡಿ ಓಡಿಸಬಾರದು. ಒಳಗೆ ನೋಡುವುದು ಐದು ಹತ್ತು ನಿಮಿಷ. ಹಿಂದಿನ ರಾತ್ರಿ ಊಟದ ನಂತರ ಏನೂ ತಿನ್ನಬೇಡಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಎರಡು ವಾರ ಮೊದಲೇ ನಿಲ್ಲಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ, ಅದು ಹೊಟ್ಟೆಯಲ್ಲಿದ್ದರೆ ಎಚ್. ಪೈಲೋರಿ ಇದ್ದರೂ ಇಲ್ಲ ಎಂದು ಬರಬಹುದು. ಆದರೆ ತೂಕ ಇಳಿಯುತ್ತಿದ್ದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಅನ್ನ ಇಳಿಯುವಾಗ ಸಿಕ್ಕಿಕೊಂಡರೆ, ಮಲ ಟಾರಿನಂತೆ ಕಪ್ಪಗಾದರೆ, ಹಿಮೋಗ್ಲೋಬಿನ್ ಕಡಿಮೆ ಎಂದಿದ್ದರೆ ಎರಡು ವಾರ ಕಾಯಬೇಡಿ, ಈ ವಾರವೇ ಹೋಗಿ. ಗಡ್ಡೆ ಕಾಣದಿದ್ದರೂ ಚೂರು ತೆಗೆದು ಕಳಿಸಲು ಹೇಳಿ. ಬಯಾಪ್ಸಿ ವರದಿ ಬಂದಾಗ ತಂದೆಯವರ ವರದಿಯ ಪ್ರತಿಯನ್ನೂ ಜೊತೆಗಿಟ್ಟು ನನಗೆ ಕಳಿಸಿ, ಎರಡನ್ನೂ ಓದಿ ಬರೆಯುತ್ತೇನೆ.